ಉಳಿತಾಯ ಮೇಲಕ್ಕೆ, ಬಾಕಿ ಕೆಳಕ್ಕೆ

2014ರ ಅಕ್ಟೋಬರಿನಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ಊರಿನ ಎಂಜಿನ್ ಕಾರ್ಖಾನೆಯೊಂದು ನಗರದ ನಲ್ಲಿ ನೀರು ತನಗೆ ಬೇಡವೆಂದಿತು. ಆ ನೀರು ತಾಗಿದ ಬಿಡಿಭಾಗಗಳು ತುಕ್ಕು ಹಿಡಿಯುತ್ತಿದ್ದವು. ಜನರಲ್ ಮೋಟಾರ್ಸ್‌ನ ಕಾರ್ಖಾನೆಯಾದ್ದರಿಂದ ಪಕ್ಕದ ಟೌನ್‌ಶಿಪ್‌ನಿಂದ ಬೇರೆ ನೀರು ತರಿಸಿಕೊಂಡಿತು. ಊರಿನ ಜನ ಮಾತ್ರ ಕಬ್ಬಿಣವನ್ನೇ ತಿನ್ನುತ್ತಿದ್ದ ಆ ನೀರನ್ನು ಇನ್ನೂ ಒಂದು ವರ್ಷ ಕುಡಿದರು.

ಇದು ನೀರಿನ ಕಥೆಯೆಂದು ಜಗತ್ತಿಗೆ ಗೊತ್ತು. ಆದರೆ ಇದರ ಬೇರು ಇರುವುದು ಬಜೆಟ್ಟಿನಲ್ಲಿ.

1908ರಲ್ಲಿ ಜನರಲ್ ಮೋಟಾರ್ಸ್ ಹುಟ್ಟಿದ್ದು ಇದೇ ಫ್ಲಿಂಟ್‌ನಲ್ಲಿ. 1960ರಲ್ಲಿ ಅಲ್ಲಿ ಸುಮಾರು ಎರಡು ಲಕ್ಷ ಜನರಿದ್ದರು. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು, ಕೈಲಾದವರು ಊರು ಬಿಟ್ಟರು. 2010ರ ಹೊತ್ತಿಗೆ ಉಳಿದವರು ಸುಮಾರು ಒಂದು ಲಕ್ಷ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪು ಜನಾಂಗದವರು, ಹತ್ತರಲ್ಲಿ ನಾಲ್ವರು ಬಡವರು. ಜನ ಅರ್ಧವಾದರೆಂದು ಊರಿನ ಕೊಳವೆಗಳ ಉದ್ದವೇನೂ ಅರ್ಧವಾಗುವುದಿಲ್ಲ. ಎರಡು ಲಕ್ಷ ಜನರಿಗೆಂದು ಹೂಳಿದ ಕೊಳವೆಯನ್ನು ಒಂದು ಲಕ್ಷ ಜನರ ತೆರಿಗೆಯಲ್ಲಿ ನಿಭಾಯಿಸಬೇಕು. ಇಂಥ ಊರಿಗೆ ಮೇಲಿನಿಂದ ಬರುವ ಪಾಲೇ ಆಸರೆ.

ಮಿಷಿಗನ್‌ನಲ್ಲಿ ಮಾರಾಟ ತೆರಿಗೆಯ ಒಂದಂಶ ಸ್ಥಳೀಯ ಸಂಸ್ಥೆಗಳಿಗೆ ಹೋಗುತ್ತದೆ. ಅದರಲ್ಲಿ ಒಂದು ಭಾಗವನ್ನು ರಾಜ್ಯದ ಸಂವಿಧಾನವೇ ಗೊತ್ತು ಮಾಡಿದೆ. ಇನ್ನೊಂದು ಭಾಗ ಶಾಸಕರ ಮರ್ಜಿಗೆ ಬಿಟ್ಟದ್ದು. 2000ದ ದಶಕದ ಆರಂಭದಲ್ಲಿ ರಾಜ್ಯದ ಆದಾಯ ಕುಸಿದಾಗ ಕತ್ತರಿ ಬಿದ್ದದ್ದು ಈ ಎರಡನೆಯ ಭಾಗಕ್ಕೆ. ಸುಮಾರು ಹತ್ತು ವರ್ಷಗಳಲ್ಲಿ ಹೀಗೆ ಕೈತಪ್ಪಿದ ಹಣ ಇಡೀ ರಾಜ್ಯದಲ್ಲಿ 600 ಕೋಟಿ ಡಾಲರಿಗೂ ಹೆಚ್ಚು, ಫ್ಲಿಂಟ್ ಒಂದಕ್ಕೇ ಐದು ಕೋಟಿಗೂ ಮಿಗಿಲು ಎಂದು ಅಲ್ಲಿನ ನಗರಾಡಳಿತಗಳ ಒಕ್ಕೂಟ ಲೆಕ್ಕ ಹಾಕಿದೆ. ರಾಜ್ಯದ ಬಜೆಟ್ ಸರಿದೂಗಿತು. ಕೊರತೆ ನಗರಗಳ ಪುಸ್ತಕಕ್ಕೆ ದಾಟಿತು. ನಂತರ ಅದೇ ರಾಜ್ಯ, ನಿಮಗೆ ಹಣಕಾಸು ನಿಭಾಯಿಸಲು ಬರುವುದಿಲ್ಲ ಎಂದು ನಗರಗಳ ಮೇಲೆ ತನ್ನ ಅಧಿಕಾರಿಯನ್ನು ಕೂರಿಸಿತು.

2011ರಿಂದ 2015ರವರೆಗೆ ಫ್ಲಿಂಟ್ ನಡೆದದ್ದು ರಾಜ್ಯ ನೇಮಿಸಿದ ತುರ್ತು ವ್ಯವಸ್ಥಾಪಕರ ಕೈಯಲ್ಲಿ. ಮೇಯರ್, ಕೌನ್ಸಿಲ್ ಇದ್ದರೂ ಅವರ ಮಾತಿಗೆ ಬೆಲೆಯಿರಲಿಲ್ಲ. ಈ ವ್ಯವಸ್ಥೆಯ ಕಾನೂನನ್ನು 2012ರ ನವೆಂಬರಿನಲ್ಲಿ ರಾಜ್ಯದ ಮತದಾರರು ಜನಮತಗಣನೆಯಲ್ಲಿ ತಳ್ಳಿಹಾಕಿದರು. ಮರುತಿಂಗಳೇ ಶಾಸನಸಭೆ ಅದೇ ಅಚ್ಚಿನ ಇನ್ನೊಂದು ಕಾನೂನು ತಂದಿತು. ಅದರಲ್ಲಿ ಒಂದಿಷ್ಟು ಹಣದ ಮಂಜೂರಾತಿಯನ್ನೂ ಸೇರಿಸಿತು. ಮಂಜೂರಾತಿ ಇರುವ ಕಾನೂನನ್ನು ಅಲ್ಲಿ ಜನಮತಗಣನೆಗೆ ಒಯ್ಯುವಂತಿಲ್ಲ.

ಡೆಟ್ರಾಯಿಟ್ ನಗರದಿಂದ ಕೊಳ್ಳುವ ನೀರು ದುಬಾರಿ ಎಂದು 2014ರ ಏಪ್ರಿಲಿನಲ್ಲಿ ಫ್ಲಿಂಟ್ ನದಿಯ ನೀರನ್ನೇ ಊರಿಗೆ ಹರಿಸಿದರು. ಹಳೆಯ ಕೊಳವೆಯ ಸೀಸ ಕರಗದಂತೆ ನೀರಿಗೆ ಬೆರೆಸಬೇಕಾದ ರಾಸಾಯನಿಕವನ್ನು ಬೆರೆಸಲಿಲ್ಲ. ಅದರ ಖರ್ಚು ದಿನಕ್ಕೆ ನೂರು ಡಾಲರಿನ ಆಸುಪಾಸು ಎಂದು ನಂತರ ತಜ್ಞರು ಹೇಳಿದರು. 2015ರ ಮಾರ್ಚಿನಲ್ಲಿ ಕೌನ್ಸಿಲ್ 7–1 ಮತಗಳಿಂದ ಹಳೆಯ ನೀರೇ ಬೇಕೆಂದು ನಿರ್ಣಯಿಸಿತು. ವ್ಯವಸ್ಥಾಪಕರು ಕಿವಿಗೊಡಲಿಲ್ಲ. ಮಕ್ಕಳ ರಕ್ತದಲ್ಲಿ ಸೀಸ ಏರಿರುವುದನ್ನು ಆ ಸೆಪ್ಟೆಂಬರಿನಲ್ಲಿ ಮಕ್ಕಳ ವೈದ್ಯೆ ಮೋನಾ ಹನ್ನಾ-ಅಟೀಶಾ ಅಂಕಿಅಂಶ ಸಮೇತ ತೋರಿಸಿದ ಮೇಲೆ, ಅಕ್ಟೋಬರಿನಲ್ಲಿ ಡೆಟ್ರಾಯಿಟ್‌ನ ನೀರು ಮರಳಿ ಬಂತು. ಅಷ್ಟರಲ್ಲಿ ನೀರಿನ ಮೂಲಕ ಹರಡುವ ಲೀಜನೇರ್ಸ್ ಕಾಯಿಲೆ ಕನಿಷ್ಠ ಹನ್ನೆರಡು ಜನರನ್ನು ಬಲಿ ತೆಗೆದುಕೊಂಡಿತ್ತು. ಪರಿಹಾರದ ಒಪ್ಪಂದದ ಮೊತ್ತ 62 ಕೋಟಿ ಡಾಲರ್ ದಾಟಿತು. ಹನ್ನೊಂದು ಸಾವಿರದಷ್ಟು ಸೀಸದ ಕೊಳವೆಗಳನ್ನು ಬದಲಿಸಿ ಮುಗಿಸುವಾಗ 2025 ಬಂದಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಈ ಅಧ್ವಾನದಲ್ಲಿ ಎರಡು ಕಡಿತಗಳಿವೆ: ಮೊದಲು ಹಣದ್ದು, ಆಮೇಲೆ ದನಿಯದ್ದು. ಬರೀ ಹಣ ಕಡಿಮೆಯಾಗಿದ್ದರೆ ಊರು ಕಷ್ಟಪಡುತ್ತಿತ್ತು, ಆದರೆ ಕೂಗಿಕೊಳ್ಳುತ್ತಿತ್ತು. ಕೂಗಿಗೆ ಅಧಿಕಾರವಿದ್ದಿದ್ದರೆ 2015ರ ಮಾರ್ಚಿನಲ್ಲೇ ನೀರು ಬದಲಾಗುತ್ತಿತ್ತು.

ಕೊರತೆಯನ್ನು ಮೇಲಿನಿಂದ ಕೆಳಕ್ಕೆ ಇಳಿಸುವ ಈ ಏಣಿ ನಮಗೂ ಪರಿಚಿತ. 15ನೇ ಹಣಕಾಸು ಆಯೋಗ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲನ್ನು ಶೇ 4.713ರಿಂದ ಶೇ 3.647ಕ್ಕೆ ಇಳಿಸಿದಾಗ ನಾವು ದೆಹಲಿಯನ್ನು ಪ್ರಶ್ನಿಸಿದೆವು, ಪ್ರಶ್ನಿಸಬೇಕಾದದ್ದೇ. ಅದೇ ಪ್ರಶ್ನೆಯನ್ನು ವಿಧಾನಸೌಧಕ್ಕೆ ಕೇಳಬೇಕಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ, ಕುರ್ಚಿಯಲ್ಲಿ ಆಡಳಿತಾಧಿಕಾರಿಗಳು ಕೂತರು. ಪಕ್ಷ ಯಾವುದಿದ್ದರೂ ಇದರಲ್ಲಿ ಭೇದವಿರಲಿಲ್ಲ. ಇದೇ ರಾಜ್ಯದಲ್ಲಿ ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ಸಚಿವ ಅಬ್ದುಲ್ ನಜೀರ್ ಸಾಬ್ ಅವರೇ ಪಂಚಾಯಿತಿಗಳಿಗೆ ಅಧಿಕಾರ ಕೊಡುವ 1983ರ ಕಾನೂನನ್ನೂ ರೂಪಿಸಿದವರು. ನೀರು ಕೊಡುವುದೂ ಅಧಿಕಾರ ಕೊಡುವುದೂ ಒಂದೇ ಕೆಲಸದ ಎರಡು ಮಗ್ಗುಲು ಎಂಬುದು ಆ ಮನುಷ್ಯನಿಗೆ ಗೊತ್ತಿತ್ತು.

ಸರ್ಕಾರಗಳು ಖರ್ಚು ಕಡಿಮೆ ಮಾಡಲೇಬಾರದು ಎಂದಲ್ಲ. ಆದಾಯ ಕುಸಿದಾಗ ಎಲ್ಲೋ ಒಂದು ಕಡೆ ಕೈ ಬಿಗಿಹಿಡಿಯಲೇಬೇಕು. ಆದರೆ ಉಳಿತಾಯ ಒಂದು ಕಚೇರಿಯ ಪುಸ್ತಕದಲ್ಲಿ, ಅದರಿಂದಾದ ನಷ್ಟ ಇನ್ನೊಂದು ಕಚೇರಿಯ ಪುಸ್ತಕದಲ್ಲಿ ದಾಖಲಾಗುತ್ತಿರುವವರೆಗೆ ಯಾವ ಕಡಿತವೂ ಲಾಭದಂತೆಯೇ ಕಾಣುತ್ತದೆ. ಮುಂದಿನ ಬಜೆಟ್ ಮಂಡನೆಯಾದಾಗ ಉಳಿಸಿದ್ದು ಎಷ್ಟು ಎಂಬುದರ ಜೊತೆಗೆ, ಅದು ಯಾವ ಊರಿನ ಬಾಕಿಯಾಯಿತು, ಆ ಊರಿಗೆ ಬೇಡ ಎನ್ನುವ ಅಧಿಕಾರವಿತ್ತೇ ಎಂದೂ ಕೇಳಿ. ನಿಮ್ಮ ಶಾಸಕರನ್ನೇ ಕೇಳಿ.