ಎರಡನೆಯ ಡಿಸ್ಕು: ಉಗ್ರಾಣವೋ, ಪ್ರತಿಯೋ?

ಮನೆಯ ಗಣಕಯಂತ್ರದೊಳಗಣ ಹಾರ್ಡ್ ಡಿಸ್ಕು ತುಂಬಿಹೋಯಿತೆಂದರೆ ಇನ್ನೊಂದನ್ನು ಕೊಂಡುತಂದು ಜೋಡಿಸುವುದು ಈಗ ವಾಡಿಕೆಯಾಗಿದೆ. ಕೆಲಸವೇನೂ ಕಷ್ಟದ್ದಲ್ಲ, ಹೈಸ್ಕೂಲಿನ ವಿದ್ಯಾರ್ಥಿಯೂ ತಾಳ್ಮೆಯಿದ್ದರೆ ಮಾಡಿ ಮುಗಿಸಬಹುದು. ಆದರೆ ಜೋಡಿಸಿದ ಮೇಲೆ ಆ ಡಿಸ್ಕಿನಿಂದ ಯಾವ ಸೇವೆಯನ್ನು ಪಡೆಯಬೇಕು ಎಂಬ ಪ್ರಶ್ನೆಯನ್ನು ಬಹುಮಂದಿ ಕೇಳಿಕೊಳ್ಳುವುದೇ ಇಲ್ಲ. ಹೊಸ ಜಾಗ ದೊರೆಯಿತೆಂಬ ಸಂತೋಷದಲ್ಲಿ ಹಾಡುಗಳನ್ನೂ ಚಲನಚಿತ್ರಗಳನ್ನೂ ಛಾಯಾಚಿತ್ರಗಳನ್ನೂ ಅದರೊಳಕ್ಕೆ ತುಂಬುತ್ತ ಹೋಗುತ್ತಾರೆ. ಇದು ಸರಿಯಾದ ಕ್ರಮವಲ್ಲ. ಎರಡನೆಯ ಡಿಸ್ಕು ಮೊದಲನೆಯದರಲ್ಲಿರುವ ಅಮೂಲ್ಯ ವಸ್ತುಗಳ ಪ್ರತಿಯನ್ನು ಕಾಯುವುದಕ್ಕೆ ಮೊದಲು ಮೀಸಲಾಗಬೇಕು. ಉಗ್ರಾಣವನ್ನು ಹಿಗ್ಗಿಸುವುದು ಆಮೇಲಿನ ಮಾತು. ಇದಕ್ಕೆ ಕಾರಣಗಳೇನೆಂಬುದನ್ನು ವಿಚಾರಮಾಡೋಣ.

ಮೊದಲು ಈ ಸಾಧನದ ಸ್ವರೂಪವನ್ನು ತಿಳಿಯಬೇಕು. ೧೯೫೬ರಲ್ಲಿ ಅಮೆರಿಕದ ಐ.ಬಿ.ಎಂ. ಸಂಸ್ಥೆಯವರು ರಾಮಾಕ್ ಎಂಬ ಗಣಕದೊಡನೆ ಹೊರತಂದ ಮೊದಲ ಡಿಸ್ಕು-ಯಂತ್ರದಲ್ಲಿ ೨೪ ಅಂಗುಲ ವ್ಯಾಸದ ೫೦ ತಟ್ಟೆಗಳಿದ್ದವು. ಆಳೆತ್ತರದ ಬೀರುವಿನಂತಿದ್ದ ಆ ಯಂತ್ರದಲ್ಲಿ ಹಿಡಿಯುತ್ತಿದ್ದುದು ೫೦ ಲಕ್ಷ ಅಕ್ಷರಗಳು ಮಾತ್ರ. ಇಂದು ಅಂಗೈಯಲ್ಲಿ ಹಿಡಿಯಬಹುದಾದ ೧ ಟೆರಾಬೈಟಿನ ಡಿಸ್ಕು ಒಂದು ಲಕ್ಷ ಕೋಟಿ ಬೈಟುಗಳನ್ನು ಒಳಗೊಳ್ಳುತ್ತದೆ. ಅಕ್ಷರಕ್ಕೊಂದು ಬೈಟಿನಂತೆ ಎಣಿಸಿದರೆ, ಅಂಥ ಎರಡು ಲಕ್ಷ ಬೀರುಗಳು ಈ ಪುಟ್ಟ ಪೆಟ್ಟಿಗೆಯೊಳಗೆ ಅಡಗಿವೆಯೆಂದಾಯಿತು. ಈ ಸಾಂದ್ರತೆಯ ಸಾಧನೆಗೆ ನೆರವಾದ ಶೋಧನೆಗಳಲ್ಲೊಂದು, ಫ್ರಾನ್ಸಿನ ಆಲ್ಬರ್ಟ್ ಫೆರ್ಟ್ ಮತ್ತು ಜರ್ಮನಿಯ ಪೀಟರ್ ಗ್ರ್ಯೂನ್‌ಬರ್ಗ್ ಅವರು ೧೯೮೮ರಲ್ಲಿ ಬೇರೆಬೇರೆಯಾಗಿ ಕಂಡುಹಿಡಿದ ಬೃಹತ್ ಕಾಂತರೋಧವೆಂಬ ವಿದ್ಯಮಾನ. ಇದಕ್ಕಾಗಿ ೨೦೦೭ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಿಕವು ಅವರಿಬ್ಬರಿಗೂ ಸಂದಿತು.

ಆದರೆ ಸಾಂದ್ರತೆ ಹೆಚ್ಚಿದಷ್ಟೂ ನಾಜೂಕೂ ಹೆಚ್ಚುತ್ತದೆ. ಮೇಜಿನ ಗಣಕದ ಸಾಮಾನ್ಯ ಡಿಸ್ಕಿನ ತಟ್ಟೆ ನಿಮಿಷಕ್ಕೆ ೭,೨೦೦ ಸುತ್ತು, ಅಂದರೆ ಸೆಕೆಂಡಿಗೆ ೧೨೦ ಸುತ್ತು ತಿರುಗುತ್ತದೆ. ತಟ್ಟೆಯ ವ್ಯಾಸ ೯೫ ಮಿಲಿಮೀಟರ್ ಎಂದು ಹಿಡಿದು ವಿದ್ಯಾರ್ಥಿಗಳು ತಾವೇ ಲೆಕ್ಕಮಾಡಿ ನೋಡಬಹುದು: ಅದರ ಅಂಚಿನ ವೇಗ ಗಂಟೆಗೆ ಸುಮಾರು ೧೩೦ ಕಿಲೋಮೀಟರ್. ಈ ವೇಗದಲ್ಲಿ ಧಾವಿಸುವ ತಟ್ಟೆಯ ಮೇಲೆ, ಓದಿ ಬರೆಯುವ ತಲೆಯು ಕೆಲವೇ ನ್ಯಾನೊಮೀಟರುಗಳ ಎತ್ತರದಲ್ಲಿ ತೇಲುತ್ತಿರಬೇಕು. ಮನುಷ್ಯನ ಕೂದಲಿನ ದಪ್ಪವಾದರೋ ಹತ್ತಾರು ಸಾವಿರ ನ್ಯಾನೊಮೀಟರುಗಳು! ತಲೆ ತಟ್ಟೆಯನ್ನು ಸೋಕಿತೆಂದರೆ ಅಲ್ಲಿಯ ಬರಹ ಅಳಿದುಹೋಗುತ್ತದೆ. ಇಂಥ ಯಂತ್ರವು ವರ್ಷಗಟ್ಟಲೆ ನಿರ್ವಿಘ್ನವಾಗಿ ನಡೆಯುವುದೇ ಒಂದು ಸೋಜಿಗ. ಎಂದೋ ಒಂದು ದಿನ ನಿಲ್ಲುವುದು ಸೋಜಿಗವಲ್ಲ. ತಿರುಗುವ ಭಾಗವೇ ಇಲ್ಲದ ಎಸ್.ಎಸ್.ಡಿ.ಗಳು ಈ ಅಪಾಯಕ್ಕೆ ಒಳಗಾಗವು, ನಿಜ. ಆದರೆ ಅವುಗಳ ಕೋಶಗಳೂ ಬರೆದು ಅಳಿಸಿದಂತೆಲ್ಲ ಸವೆಯುತ್ತವೆ. ಕೆಲವೊಮ್ಮೆ ಯಾವ ಸೂಚನೆಯನ್ನೂ ಕೊಡದೆ ನಿಂತುಬಿಡುತ್ತವೆ. ಮಡಿಯದ ಡಿಸ್ಕೆಂಬುದು ಇಲ್ಲವೆಂದೇ ತಿಳಿದು ನಡೆಯುವುದು ವಿವೇಕ.

ಈಗ ಸಂಭವನೀಯತೆಯ ಒಂದು ಸರಳ ಲೆಕ್ಕವನ್ನು ಮಾಡೋಣ. ಒಂದು ಡಿಸ್ಕು ಒಂದು ವರ್ಷದೊಳಗೆ ಕೆಡುವ ಸಂಭವ ೫೦ರಲ್ಲಿ ೧ ಎಂದು, ಕೇವಲ ಲೆಕ್ಕದ ಅನುಕೂಲಕ್ಕಾಗಿ, ಇಟ್ಟುಕೊಳ್ಳೋಣ. ಎರಡು ಡಿಸ್ಕುಗಳನ್ನು ಎರಡು ಉಗ್ರಾಣಗಳಂತೆ ಬಳಸಿ, ಒಂದರಲ್ಲಿ ಒಂದಷ್ಟು, ಇನ್ನೊಂದರಲ್ಲಿ ಬೇರೊಂದಷ್ಟು ಇಟ್ಟೆವೆನ್ನಿ. ಆಗ ಎರಡರಲ್ಲಿ ಒಂದಾದರೂ ಕೆಟ್ಟು ಏನನ್ನಾದರೂ ಕಳೆದುಕೊಳ್ಳುವ ಸಂಭವ ೨,೫೦೦ರಲ್ಲಿ ೯೯, ಎಂದರೆ ಹೆಚ್ಚುಕಡಿಮೆ ೨೫ರಲ್ಲಿ ೧. ಹಣ ಕೊಟ್ಟು ತಂದ ಎರಡನೆಯ ಡಿಸ್ಕು ಅಪಾಯವನ್ನು ಇಮ್ಮಡಿ ಮಾಡಿತು! ಅದೇ ಡಿಸ್ಕಿನಲ್ಲಿ ಮೊದಲನೆಯದರ ಪ್ರತಿಯನ್ನು ಇಟ್ಟರೆ, ಎಲ್ಲವೂ ನಷ್ಟವಾಗಬೇಕಾದರೆ ಎರಡೂ ಕೆಡಬೇಕು. ಅದರ ಸಂಭವ ೨,೫೦೦ರಲ್ಲಿ ೧ ಮಾತ್ರ. ಒಂದು ಕೆಟ್ಟೊಡನೆ ಹೊಸದನ್ನು ತಂದು ಪ್ರತಿಮಾಡಿಕೊಂಡರೆ ಅದು ಇನ್ನೂ ಕುಗ್ಗುತ್ತದೆ. ಬೆಲೆ ಒಂದೇ, ಶ್ರಮ ಒಂದೇ. ಉಪಯೋಗಿಸುವ ಬಗೆಯೊಂದು ಬೇರೆಯಾದುದರಿಂದ ಫಲದಲ್ಲಿ ಸುಮಾರು ನೂರು ಪಾಲಿನ ಅಂತರ.

ಜೋಡಿಸುವ ಕ್ರಮವನ್ನೂ ಸಂಕ್ಷೇಪವಾಗಿ ಹೇಳಬೇಕು. ಗಣಕವನ್ನು ನಿಲ್ಲಿಸಿ, ವಿದ್ಯುತ್ತಿನ ತಂತಿಯನ್ನು ಗೋಡೆಯಿಂದ ಕಳಚಿ, ಪೆಟ್ಟಿಗೆಯ ಲೋಹದ ಭಾಗವನ್ನು ಮುಟ್ಟಿ ಮೈಯಲ್ಲಿರುವ ಸ್ಥಿರವಿದ್ಯುತ್ತನ್ನು ಹರಿಯಗೊಡಬೇಕು. ಬಳಿಕ ಡಿಸ್ಕನ್ನು ಅದರ ಗೂಡಿನಲ್ಲಿಟ್ಟು, ಅಲುಗಾಡದಂತೆ ಸ್ಕ್ರೂಗಳಿಂದ ಬಿಗಿಯಬೇಕು. ಹಿಂದಿನ ಕಾಲದಲ್ಲಿ ಒಂದೇ ಅಗಲವಾದ ಪಟ್ಟಿ-ಕೇಬಲಿಗೆ ಎರಡು ಡಿಸ್ಕುಗಳನ್ನು ಸಿಕ್ಕಿಸಿ, ಯಾವುದು ಯಜಮಾನ ಯಾವುದು ಅಧೀನವೆಂದು ಚಿಕ್ಕ ಕೊಂಡಿಗಳಿಂದ ಗೊತ್ತುಮಾಡಬೇಕಾಗಿತ್ತು. ೨೦೦೩ರ ಸುಮಾರಿನಿಂದ ಬಳಕೆಗೆ ಬಂದ ಸಾಟಾ ಪದ್ಧತಿಯಲ್ಲಿ ಆ ತೊಡಕಿಲ್ಲ. ಒಂದೊಂದು ಡಿಸ್ಕಿಗೂ ಮದರ್‌ಬೋರ್ಡಿನಿಂದ ತನ್ನದೇ ಆದ ಕಿರಿದಾದ ಕೇಬಲು, ವಿದ್ಯುತ್ ಪೆಟ್ಟಿಗೆಯಿಂದ ಇನ್ನೊಂದು ಕೇಬಲು, ಇಷ್ಟೇ. ಗಣಕವನ್ನು ಚಾಲೂ ಮಾಡಿದ ಮೇಲೆ ಹೊಸ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕಾಗುತ್ತದೆ. ಹಳೆಯ ಎಂ.ಬಿ.ಆರ್. ಪದ್ಧತಿಯಲ್ಲಿ ವಿಳಾಸಗಳಿಗೆ ೩೨ ಬಿಟ್‌ಗಳು ಮಾತ್ರವಿರುವುದರಿಂದ, ೫೧೨ ಬೈಟುಗಳ ಖಂಡಗಳಲ್ಲಿ ಎಣಿಸಿದರೆ ಸುಮಾರು ೨.೨ ಟೆರಾಬೈಟಿನಿಂದಾಚೆಗೆ ಅದು ನಿಲುಕದು. ಆದುದರಿಂದ ದೊಡ್ಡ ಡಿಸ್ಕುಗಳಿಗೆ ಜಿ.ಪಿ.ಟಿ. ಪದ್ಧತಿಯನ್ನೇ ಆರಿಸಬೇಕು. ೧ ಟೆರಾಬೈಟಿನ ಡಿಸ್ಕು ವಿಂಡೋಸ್‌ನಲ್ಲಿ ೯೩೧ ಗಿಗಾಬೈಟೆಂದು ಕಂಡರೆ ಅಂಗಡಿಯವನನ್ನು ಶಂಕಿಸಬೇಕಾಗಿಲ್ಲ. ತಯಾರಕರು ಸಾವಿರದ ಮಡಿಗಳಲ್ಲಿ ಎಣಿಸುತ್ತಾರೆ, ವಿಂಡೋಸ್ ೧,೦೨೪ರ ಮಡಿಗಳಲ್ಲಿ ಎಣಿಸುತ್ತದೆ. ಈ ಎಲ್ಲ ಕೆಲಸದಲ್ಲಿ ನಿಜವಾಗಿ ಅಪಾಯಕರವಾದ ಗಳಿಗೆ ಒಂದೇ: ಫಾರ್ಮ್ಯಾಟ್ ಮಾಡುವಾಗ ಹೊಸದರ ಬದಲು ಹಳೆಯ ಡಿಸ್ಕನ್ನು ಆರಿಸಿಬಿಡುವುದು. ಗಾತ್ರವನ್ನೂ ಹೆಸರನ್ನೂ ಎರಡೆರಡು ಸಲ ಓದಿದ ಹೊರತು ಆ ಗುಂಡಿಯನ್ನು ಒತ್ತಬಾರದು.

ಇಲ್ಲಿ ಚತುರರಾದ ಕೆಲವರು ಒಂದು ಉಪಾಯವನ್ನು ಸೂಚಿಸುವುದುಂಟು. ಬರೆದದ್ದೆಲ್ಲವೂ ಆ ಕ್ಷಣದಲ್ಲಿಯೇ ಎರಡು ಡಿಸ್ಕುಗಳ ಮೇಲೆಯೂ ಮೂಡುವಂತೆ ಮಾಡಿದರೆ ಪ್ರತಿಮಾಡುವ ಗೊಡವೆಯೇ ಇಲ್ಲವಲ್ಲ ಎಂದು ಅವರ ವಾದ. ಕನ್ನಡಿಯಂಥ ಈ ಏರ್ಪಾಟು ರೇಡ್ ಎಂಬ ಪದ್ಧತಿಗಳ ಕುಟುಂಬಕ್ಕೆ ಸೇರಿದುದು. ೧೯೮೮ರಲ್ಲಿ ಬರ್ಕ್ಲಿ ವಿಶ್ವವಿದ್ಯಾನಿಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕ್ಯಾಟ್ಸ್ ಅವರು ತಮ್ಮ ಪ್ರಬಂಧದಲ್ಲಿ ಇವುಗಳನ್ನು ವರ್ಗೀಕರಿಸಿ ಹೆಸರಿಟ್ಟರು. ಕೆಲಸ ಒಂದು ಗಳಿಗೆಯೂ ನಿಲ್ಲಬಾರದಾದ ಬ್ಯಾಂಕು ಮೊದಲಾದೆಡೆಗಳಲ್ಲಿ ಅದು ಬಹಳ ಉಪಯುಕ್ತ. ಆದರೆ ಕನ್ನಡಿಯು ಮುಖವನ್ನು ತೋರಿಸುವಂತೆ ಮುಖದ ಮಸಿಯನ್ನೂ ತೋರಿಸುತ್ತದೆ. ತಪ್ಪಿ ಅಳಿಸಿದ ಕಡತ ಎರಡೂ ಡಿಸ್ಕುಗಳಿಂದ ಒಂದೇ ಕ್ಷಣದಲ್ಲಿ ಅಳಿಯುತ್ತದೆ. ೨೦೧೭ರ ಮೇ ತಿಂಗಳಲ್ಲಿ ಹಲವಾರು ದೇಶಗಳಿಗೆ ಹಬ್ಬಿದ ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶದಂಥದು ಒಳಹೊಕ್ಕು ಕಡತಗಳನ್ನು ಗುಪ್ತಲಿಪಿಗೆ ತಿರುಗಿಸಿದರೆ, ಕನ್ನಡಿಯಲ್ಲಿಯೂ ಗುಪ್ತಲಿಪಿಯೇ ಮೂಡುತ್ತದೆ. ಆದುದರಿಂದ ಪ್ರತಿಗೆ ನಿನ್ನೆಯ ನೆನಪಿರಬೇಕು. ಇಂದಿನ ತಪ್ಪು ನಿನ್ನೆಯ ಪ್ರತಿಯನ್ನು ಮುಟ್ಟಬಾರದು.

ಇನ್ನೊಂದು ಮಾತು. ಮೇಲಿನ ಲೆಕ್ಕದಲ್ಲಿ ಎರಡು ಸಂಭವಗಳನ್ನು ಗುಣಿಸಿದೆವು. ಹಾಗೆ ಗುಣಿಸಬೇಕಾದರೆ ಆ ಎರಡು ಘಟನೆಗಳು ಪರಸ್ಪರ ಸ್ವತಂತ್ರವಾಗಿರಬೇಕೆಂಬುದನ್ನು ಕಾಲೇಜಿನ ವಿದ್ಯಾರ್ಥಿಗಳು ಬಲ್ಲರು. ಒಂದೇ ಪೆಟ್ಟಿಗೆಯಲ್ಲಿರುವ ಡಿಸ್ಕುಗಳು ಪೂರ್ತಿ ಸ್ವತಂತ್ರವಲ್ಲ. ಸಿಡಿಲಿನ ಹೊಡೆತ, ವಿದ್ಯುತ್ ಪೆಟ್ಟಿಗೆಯ ಕೆಡುಕು, ಮಳೆಯ ನೀರು, ಕಳ್ಳನ ಕೈ, ಇವು ಎರಡನ್ನೂ ಒಮ್ಮೆಲೇ ತಟ್ಟುತ್ತವೆ. ಒಳಗಿನ ಎರಡನೆಯ ಡಿಸ್ಕು ದಿನದಿನದ ಪ್ರತಿಗೆ ಒಳ್ಳೆಯದು. ತಿಂಗಳಿಗೊಮ್ಮೆಯಾದರೂ ಮತ್ತೊಂದು ಪ್ರತಿಯನ್ನು ಹೊರಗಿನ ಡಿಸ್ಕಿನಲ್ಲಿ ಮಾಡಿ, ಕಳಚಿ, ಸಾಧ್ಯವಾದರೆ ಬೇರೆ ಮನೆಯಲ್ಲಿಡಬೇಕು.

ಬೇರೆ ಮನೆಯ ಪ್ರತಿಯ ಬೆಲೆ ಎಷ್ಟೆಂಬುದಕ್ಕೆ ಒಂದು ಪ್ರಸಿದ್ಧ ದೃಷ್ಟಾಂತವುಂಟು. ೧೯೯೮ರಲ್ಲಿ ಪಿಕ್ಸಾರ್ ಸಂಸ್ಥೆಯವರು "ಟಾಯ್ ಸ್ಟೋರಿ ೨" ಎಂಬ ಚಿತ್ರವನ್ನು ಸಿದ್ಧಪಡಿಸುತ್ತಿದ್ದಾಗ, ತಪ್ಪಾಗಿ ಕೊಟ್ಟ ಒಂದು ಆಜ್ಞೆಯಿಂದ ಚಿತ್ರದ ಕಡತಗಳು ಅಳಿಯತೊಡಗಿದವು. ಪ್ರತಿಗಳನ್ನು ತೆರೆದು ನೋಡಿದರೆ, ಅವು ಕೆಲಕಾಲದಿಂದ ಸರಿಯಾಗಿ ಆಗುತ್ತಲೇ ಇರಲಿಲ್ಲ! ಕಡೆಗೆ, ಎಳೆಗೂಸಿನ ಸಲುವಾಗಿ ಮನೆಯಿಂದ ಕೆಲಸಮಾಡುತ್ತಿದ್ದ ತಾಂತ್ರಿಕ ನಿರ್ದೇಶಕಿಯೊಬ್ಬರ ಮನೆಯ ಗಣಕದಲ್ಲಿದ್ದ ಪ್ರತಿಯೇ ಚಿತ್ರವನ್ನು ಉಳಿಸಿತು. ಅಷ್ಟು ದೊಡ್ಡ ಸಂಸ್ಥೆಗೆ ಒದಗಿದ್ದು ನಮ್ಮ ಮನೆಗೆ ಒದಗಲಾರದೆಂದು ನಂಬಲು ಏನು ಆಧಾರ?

ಈ ವಾದಕ್ಕೆ ಎರಡು ಆಕ್ಷೇಪಣೆಗಳು ಬರಬಹುದು. ಮೊದಲನೆಯದು: ಅಂತರಜಾಲದ ಕೋಠಿಗಳಲ್ಲಿ ಎಲ್ಲವನ್ನೂ ಇಡಬಹುದಾಗಿರುವಾಗ ಡಿಸ್ಕು ಏಕೆ? ಅವು ಒಳ್ಳೆಯ ಹೊರಪ್ರತಿಗಳೇ. ಬಳಸಬಾರದೆಂದು ನಾವು ಹೇಳುವುದಿಲ್ಲ. ಆದರೆ ಸೆಕೆಂಡಿಗೆ ೧೦ ಮೆಗಾಬಿಟ್ ವೇಗದಲ್ಲಿ ೫೦೦ ಗಿಗಾಬೈಟನ್ನು ಕಳುಹಿಸಲು ನಾಲ್ಕೂವರೆ ದಿನಗಳಿಗೂ ಹೆಚ್ಚು ಕಾಲ ಹಿಡಿಯುತ್ತದೆ. ಒಳಗಿನ ಡಿಸ್ಕಿಗಾದರೋ ಕೆಲವು ಗಂಟೆಗಳು ಸಾಕು. ಅಲ್ಲದೆ ಪ್ರವೇಶಪದ ಮರೆತರೆ, ಬಾಡಿಗೆ ತಪ್ಪಿದರೆ, ಆ ಬಾಗಿಲು ಮುಚ್ಚಿಹೋಗಬಹುದು. ಎರಡನೆಯ ಆಕ್ಷೇಪಣೆ ವೆಚ್ಚದ್ದು. ಅದಕ್ಕೆ ಉತ್ತರವಾಗಿ ಒಂದು ವಿಂಗಡಣೆಯನ್ನು ಸೂಚಿಸುತ್ತೇವೆ. ಡಿಸ್ಕಿನಲ್ಲಿರುವುದನ್ನು ಮತ್ತೆ ದೊರೆಯುವುದು, ಮತ್ತೆ ದೊರೆಯದುದು ಎಂದು ಎರಡು ಪಾಲು ಮಾಡಿ. ಚಲನಚಿತ್ರಗಳು, ಆಟಗಳು, ತಂತ್ರಾಂಶಗಳು ಮೊದಲ ಪಾಲಿಗೆ ಸೇರುತ್ತವೆ. ಜಾಗವನ್ನೆಲ್ಲ ನುಂಗುವುದು ಬಹುಮಟ್ಟಿಗೆ ಇವೇ. ನೀವು ಬರೆದ ಟಿಪ್ಪಣಿಗಳು, ವರ್ಷವಿಡೀ ದುಡಿದ ಪ್ರಯೋಗದ ಅಂಕಿಗಳು, ಮನೆಯ ಛಾಯಾಚಿತ್ರಗಳು, ಅಜ್ಜಿಯ ಬಾಯಿಂದ ಹಿಡಿದಿಟ್ಟ ಹಾಡು, ಇವು ಎರಡನೆಯ ಪಾಲಿನವು. ಇವುಗಳಿಗೆ ಅನೇಕ ವೇಳೆ ಸಣ್ಣದೊಂದು ಡಿಸ್ಕೇ ಧಾರಾಳವಾಗಿ ಸಾಕಾಗುತ್ತದೆ. ಎರಡನೆಯ ಡಿಸ್ಕಿಗೆ ಸ್ಥಳವಿಲ್ಲದ ಲ್ಯಾಪ್‌ಟಾಪುಳ್ಳವರು ಹೊರಗಿನ ಡಿಸ್ಕಿನಿಂದಲೇ ಈ ಕೆಲಸವನ್ನು ಸಾಧಿಸಬಹುದು.

ಪ್ರತಿಯ ಮಹತ್ವ ಕನ್ನಡಿಗರಿಗೆ ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ಆ ಕಾವ್ಯ ಇಂದಿಗೂ ನಮ್ಮ ಕೈಯಲ್ಲಿದೆ. ಅದೇ ಪೊನ್ನನ ಭುವನೈಕರಾಮಾಭ್ಯುದಯವಾದರೋ ದೊರೆತಿಲ್ಲ. ಅದರ ಹೆಸರು ಮಾತ್ರ ಸಾಹಿತ್ಯಚರಿತ್ರೆಯಲ್ಲಿ ಉಳಿದಿದೆ. ಕವಿ ಒಬ್ಬನೇ, ಕಾಲ ಒಂದೇ, ಓಲೆಯೂ ಒಂದೇ ಬಗೆಯದು.

ಅತ್ತಿಮಬ್ಬೆಯ ಲಿಪಿಕಾರರಿಗೆ ತಿಂಗಳುಗಳೇ ಹಿಡಿದಿರಬಹುದಾದ ಕೆಲಸವನ್ನು ಇಂದು ನಾವು ಊಟಮಾಡಿ ಬರುವಷ್ಟರಲ್ಲಿ ಯಂತ್ರ ಮಾಡಿ ಮುಗಿಸುತ್ತದೆ. ಅಷ್ಟು ಸುಲಭವಾದ ಮೇಲೂ ಮಾಡದಿರುವುದಕ್ಕೆ ಉದಾಸೀನವೊಂದೇ ಕಾರಣ. ಎರಡನೆಯ ಡಿಸ್ಕನ್ನು ತಂದವರು ಮೊದಲ ದಿನವೇ ಪ್ರತಿಯನ್ನು ಮಾಡಲಿ. ಅದು ತಾನಾಗಿ ನಡೆಯುವಂತೆ ವೇಳೆಯನ್ನು ಗೊತ್ತುಪಡಿಸಲಿ. ತಿಂಗಳಿಗೊಮ್ಮೆ ಆ ಪ್ರತಿಯಿಂದ ಒಂದು ಕಡತವನ್ನು ಹಿಂದಕ್ಕೆ ತೆಗೆದು, ತೆರೆದು, ಓದಿ ನೋಡಲಿ. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ಎಣಿಸುವಂತಿಲ್ಲ. ಇಷ್ಟಾದ ಮೇಲೆ ಡಿಸ್ಕಿನಲ್ಲಿ ಜಾಗ ಮಿಕ್ಕಿದ್ದರೆ, ಚಲನಚಿತ್ರಗಳನ್ನು ಯಥೇಚ್ಛವಾಗಿ ತುಂಬಿಕೊಳ್ಳಲಿ, ಯಾರದೂ ಅಡ್ಡಿಯಿಲ್ಲ.