ಅಂತರ್ಜಾಲ ಸಂಪರ್ಕದ ಕರಾರು: ಸಣ್ಣ ವ್ಯಾಪಾರಿಗೆ ರಕ್ಷಣೆ ಎಲ್ಲಿದೆ?

ಅಂಗಡಿಯ ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ನಮ್ಮ ವ್ಯಾಪಾರಿ ಬಂಧುಗಳು ಅದನ್ನು ಎರಡು ಬಾರಿ ಓದಿಸಿಕೊಳ್ಳುತ್ತಾರೆ. ಬ್ಯಾಂಕಿನ ಸಾಲಪತ್ರಗಳನ್ನು ಲೆಕ್ಕಪರಿಶೋಧಕರಿಗೆ ತೋರಿಸಿದ ಬಳಿಕವೇ ಮುಂದುವರಿಯುತ್ತಾರೆ. ಆದರೆ ಇಂದು ಇವೆರಡರಷ್ಟೇ ಅನಿವಾರ್ಯವಾಗಿರುವ ಅಂತರ್ಜಾಲ ಸಂಪರ್ಕದ ಕರಾರನ್ನು ಪೂರ್ತಿಯಾಗಿ ಓದಿದ ಸದಸ್ಯರು ಬೆರಳೆಣಿಕೆಯಷ್ಟೂ ಇರಲಾರರು. ಸಂಪರ್ಕ ನೀಡಲು ಬಂದ ಹುಡುಗ ಮೊಬೈಲ್ ಪರದೆಯನ್ನು ಮುಂದೆ ಹಿಡಿದು 'ಒಪ್ಪಿದ್ದೇನೆ' ಎಂಬುದನ್ನು ಒತ್ತಿಸಿಕೊಂಡು ಹೋಗುತ್ತಾನೆ. ಆ ಒಂದು ಒತ್ತುವಿಕೆಯಿಂದ ನಾವು 'ಸ್ವೀಕಾರಾರ್ಹ ಬಳಕೆಯ ನೀತಿ' ಎಂಬ ಹೆಸರಿನ ಹತ್ತಾರು ಪುಟಗಳ ನಿಬಂಧನೆಗಳಿಗೆ ಬದ್ಧರಾಗಿರುತ್ತೇವೆ.

ಈ ನೀತಿಯ ಪರಿಣಾಮವೇನೆಂಬುದು ನನಗೆ ಮನದಟ್ಟಾದುದು ನನ್ನ ಕಕ್ಷಿದಾರರೊಬ್ಬರ ಅನುಭವದಿಂದ. ಅವರದು ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಘಟಕ. ತಿಂಗಳ 19ನೆಯ ತಾರೀಕಿನ ಸಂಜೆ ಅವರ ಸಂಪರ್ಕ ನಿಂತಿತು. ದೂರು ನೀಡಿದಾಗ 'ನೀತಿಯ ಉಲ್ಲಂಘನೆಯಾಗಿದೆ' ಎಂಬುದಷ್ಟೇ ಉತ್ತರ. ಯಾವ ಕಲಮು, ಯಾವ ಕೃತ್ಯ ಎಂಬುದನ್ನು ಹೇಳುವವರಿರಲಿಲ್ಲ. ಮರುದಿನ ಜಿಎಸ್‌ಟಿ ರಿಟರ್ನ್ ಸಲ್ಲಿಸಲು ಕೊನೆಯ ದಿನ. ಸರಕು ತುಂಬಿದ ಎರಡು ಲಾರಿಗಳು ಗೇಟಿನಲ್ಲಿ ನಿಂತಿದ್ದವು. ಮೊಬೈಲಿನ ಸಂಪರ್ಕ ಬಳಸಿ ಹೇಗೋ ಇ-ವೇ ಬಿಲ್ ತೆಗೆದರು. ರಿಟರ್ನನ್ನು ನನ್ನ ಕಚೇರಿಯಿಂದ ಸಲ್ಲಿಸಲಾಯಿತು. ನಾಲ್ಕನೆಯ ದಿನ ತಿಳಿದುಬಂದ ಕಾರಣವಿಷ್ಟೇ: ಕಾರ್ಖಾನೆಯ ಸಿಸಿಟಿವಿ ದೃಶ್ಯವನ್ನು ಮಾಲೀಕರು ಮನೆಯಿಂದ ನೋಡಲು ಮಾಡಿಕೊಂಡಿದ್ದ ವ್ಯವಸ್ಥೆಯನ್ನು 'ಸರ್ವರ್ ನಡೆಸುವುದು' ಎಂದು ಪರಿಗಣಿಸಲಾಗಿತ್ತು. ಒಂದು ವರ್ಷದ ಶುಲ್ಕವನ್ನು ಅವರು ಮುಂಗಡವಾಗಿ ಕಟ್ಟಿದ್ದರು. ಕೊಟ್ಟವನು ಕೋಡಂಗಿ, ಇಸಗೊಂಡವನು ಈರಭದ್ರ ಎಂಬ ಗಾದೆ ನೆನಪಾಯಿತು.

ನಿಬಂಧನೆಗಳಲ್ಲಿ ಏನಿರುತ್ತದೆ?

ಆ ಬಳಿಕ ನಾನು ಹಲವು ಕಕ್ಷಿದಾರರ ಕರಾರುಗಳನ್ನು ತರಿಸಿಕೊಂಡು ಓದಿದೆನು. ಪದಗಳು ಬೇರೆಯಾದರೂ ಧಾಟಿ ಒಂದೇ. ಅವುಗಳಲ್ಲಿ ಪದೇ ಪದೇ ಕಂಡುಬಂದ ಅಂಶಗಳು ಇವು:

1. 'ಅತಿಯಾದ ಬಳಕೆ' ನಿಷಿದ್ಧ. ಎಷ್ಟು ಬಳಸಿದರೆ ಅತಿ ಎಂಬುದನ್ನು ಸಂಸ್ಥೆಯೇ ತನ್ನ ವಿವೇಚನೆಯಂತೆ ನಿರ್ಧರಿಸುತ್ತದೆ.

2. ಗೃಹಬಳಕೆಯ ಸಂಪರ್ಕವನ್ನು ಯಾವುದೇ ವಾಣಿಜ್ಯ ಉದ್ದೇಶಕ್ಕೆ ಬಳಸಕೂಡದು. ಮನೆಯಲ್ಲಿ ಕುಳಿತು ಒಂದು ಇನ್‌ವಾಯ್ಸ್ ತಯಾರಿಸಿದರೂ ಅದು ವಾಣಿಜ್ಯ ಉದ್ದೇಶವೇ ಎಂಬ ಪ್ರಶ್ನೆಗೆ ಉತ್ತರವಿಲ್ಲ.

3. ಸರ್ವರ್ ನಡೆಸಕೂಡದು, ಸಂಪರ್ಕವನ್ನು ಹಂಚಿಕೊಳ್ಳಕೂಡದು. ಶಾಖೆಯಿಂದ ಮುಖ್ಯ ಕಚೇರಿಯ ಲೆಕ್ಕಪತ್ರದ ತಂತ್ರಾಂಶವನ್ನು ತೆರೆಯುವವರು ಈ ವ್ಯಾಖ್ಯೆಯೊಳಗೆ ಬರಬಹುದು.

4. ಸಂಸ್ಥೆಯ ಅಭಿಪ್ರಾಯದಲ್ಲಿ 'ಆಕ್ಷೇಪಾರ್ಹ' ಅಥವಾ 'ಕಿರಿಕಿರಿ ಉಂಟುಮಾಡುವ' ಯಾವುದನ್ನೂ ಕಳುಹಿಸಕೂಡದು. ಐನೂರು ಗ್ರಾಹಕರಿಗೆ ಬೆಲೆಪಟ್ಟಿ ಕಳುಹಿಸುವ ಸಗಟು ವ್ಯಾಪಾರಿಯೂ ಇಲ್ಲಿ ತಪ್ಪಿತಸ್ಥನಾಗಬಹುದು.

5. ನೋಟಿಸ್ ಇಲ್ಲದೆ ಸಂಪರ್ಕವನ್ನು ಕಡಿತಗೊಳಿಸಬಹುದು. ಅದರಿಂದಾಗುವ ನಷ್ಟಕ್ಕೆ ಸಂಸ್ಥೆ ಹೊಣೆಯಲ್ಲ.

6. ಈ ನಿಬಂಧನೆಗಳನ್ನು ಯಾವಾಗ ಬೇಕಾದರೂ ಬದಲಿಸಬಹುದು. ಗ್ರಾಹಕನು ಬಳಕೆಯನ್ನು ಮುಂದುವರಿಸಿದರೆ ಒಪ್ಪಿದನೆಂದೇ ಅರ್ಥ.

ಕೊನೆಯ ಅಂಶವೇ ಅತ್ಯಂತ ಅಪಾಯಕಾರಿ. ಒಂದು ಪಕ್ಷ ತನಗೆ ಬೇಕಾದಾಗ ಶರತ್ತುಗಳನ್ನು ತಿದ್ದಬಹುದಾದ ಪತ್ರವನ್ನು ನಮ್ಮ ಮಂಡಿಯ ಯಾವ ವರ್ತಕನೂ ಕರಾರೆಂದು ಒಪ್ಪುವುದಿಲ್ಲ.

ಸಂಸ್ಥೆಗಳ ವಾದದಲ್ಲಿ ಹುರುಳಿಲ್ಲವೇ?

ನ್ಯಾಯವಾಗಿ ಹೇಳುವುದಾದರೆ, ಇದೆ. ಒಬ್ಬ ಗ್ರಾಹಕನ ಗಣಕದಲ್ಲಿ ಸೇರಿಕೊಂಡ ವೈರಸ್ ಸಾವಿರಾರು ಅನಪೇಕ್ಷಿತ ಸಂದೇಶಗಳನ್ನು ಹೊರಡಿಸಿದರೆ, ಅದೇ ವಿಳಾಸ ಸಮೂಹದಲ್ಲಿರುವ ಇತರ ಗ್ರಾಹಕರ ಮಿಂಚಂಚೆಗಳೂ ತಿರಸ್ಕೃತವಾಗುತ್ತವೆ. ಒಂದೇ ತಂತಿಯನ್ನು ಹಲವರು ಹಂಚಿಕೊಂಡಿರುವಾಗ ಒಬ್ಬನ ಮಿತಿಮೀರಿದ ಬಳಕೆ ಉಳಿದವರ ವೇಗವನ್ನು ಕುಗ್ಗಿಸುತ್ತದೆ. ಅಲ್ಲದೆ, ಮಾಹಿತಿ ತಂತ್ರಜ್ಞಾನ ಕಾಯಿದೆ, 2000ರ 79ನೆಯ ಕಲಮಿನ ರಕ್ಷಣೆ ಪಡೆಯಬೇಕಾದರೆ ಸೇವಾದಾತರು ತಕ್ಕ ಎಚ್ಚರಿಕೆ ವಹಿಸಬೇಕು. 2021ರ ನಿಯಮಗಳ ಪ್ರಕಾರ, ಯಾವ ಬಗೆಯ ಮಾಹಿತಿಯನ್ನು ಹರಡಕೂಡದು, ಹರಡಿದರೆ ಸಂಪರ್ಕ ರದ್ದುಪಡಿಸುವ ಹಕ್ಕಿದೆ ಎಂಬುದನ್ನು ಬಳಕೆದಾರರಿಗೆ ತಿಳಿಸಲೇಬೇಕು.

ಆದರೆ ಕಾಯಿದೆ ಕೇಳುವುದು ನಿರ್ದಿಷ್ಟ ನಿಷೇಧಗಳನ್ನು. 'ನಮ್ಮ ಅಭಿಪ್ರಾಯದಲ್ಲಿ ಸರಿಯಲ್ಲದ್ದೆಲ್ಲವೂ' ಎಂಬ ಎಲ್ಲೆಯಿಲ್ಲದ ಬಲೆಯನ್ನಲ್ಲ. ಇದೇ ಕಾಯಿದೆಯ 66-ಎ ಕಲಮಿನಲ್ಲಿದ್ದ 'ಕಿರಿಕಿರಿ', 'ಅನಾನುಕೂಲ' ಮುಂತಾದ ಪದಗಳು ಅಸ್ಪಷ್ಟವೆಂದು ಸರ್ವೋಚ್ಚ ನ್ಯಾಯಾಲಯವು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ 2015ರ ಮಾರ್ಚ್ 24ರಂದು ಆ ಕಲಮನ್ನೇ ರದ್ದುಪಡಿಸಿತು. ಸಂವಿಧಾನದ ಆ ಕಟ್ಟುಪಾಡು ಖಾಸಗಿ ಕರಾರಿಗೆ ನೇರವಾಗಿ ಅನ್ವಯಿಸದೆಂಬುದು ನಿಜ. ಆದರೂ ಶಾಸನದಲ್ಲಿ ಸಲ್ಲದ ಅಸ್ಪಷ್ಟತೆಯು ಕರಾರಿನ ಮೂಲಕ ಹಿಂಬಾಗಿಲಿನಿಂದ ಒಳಬರುವುದು ಎಷ್ಟರಮಟ್ಟಿಗೆ ಸರಿ?

ವ್ಯಾಪಾರಕ್ಕೆ ಇದರ ಬೆಲೆ

ಇಪ್ಪತ್ತು ವರ್ಷಗಳ ಹಿಂದೆ ಸಂಪರ್ಕ ನಿಂತರೆ ಮಿಂಚಂಚೆ ಒಂದು ದಿನ ತಡವಾಗುತ್ತಿತ್ತು, ಅಷ್ಟೇ. ಇಂದು ಸರ್ಕಾರವೇ ನಮ್ಮ ವ್ಯಾಪಾರವನ್ನು ಅಂತರ್ಜಾಲಕ್ಕೆ ಕಟ್ಟಿಹಾಕಿದೆ. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರು ಇತರ ನೋಂದಾಯಿತ ವರ್ತಕರಿಗೆ ಮಾರುವಾಗ ಇ-ಇನ್‌ವಾಯ್ಸ್ ನೀಡುವುದು ಕಡ್ಡಾಯ. ಪೋರ್ಟಲಿನಿಂದ ಸಂಖ್ಯೆ ಪಡೆಯದ ಇನ್‌ವಾಯ್ಸ್ ಕಾನೂನಿನ ದೃಷ್ಟಿಯಲ್ಲಿ ಇನ್‌ವಾಯ್ಸೇ ಅಲ್ಲ. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಜಾರಿಯಲ್ಲಿದೆ. ಅದಿಲ್ಲದೆ ಹೊರಟ ಸರಕನ್ನು ತಡೆಹಿಡಿದರೆ ತೆರಿಗೆಯ ಎರಡರಷ್ಟು ದಂಡ ತೆರಬೇಕಾಗಬಹುದು. ರಿಟರ್ನ್ ತಡವಾದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ತೆರಿಗೆ ಬಾಕಿಯಿದ್ದರೆ ವಾರ್ಷಿಕ ಶೇ. 18ರ ಬಡ್ಡಿ. 'ನನ್ನ ಸಂಪರ್ಕ ಕಡಿತವಾಗಿತ್ತು' ಎಂಬ ಸಬೂಬನ್ನು ಯಾವ ಅಧಿಕಾರಿಯೂ ಸುಲಭವಾಗಿ ಒಪ್ಪುವುದಿಲ್ಲ.

ಅಂತರ್ಜಾಲದ ಮೂಲಕ ವ್ಯಾಪಾರ ನಡೆಸುವ ಸ್ವಾತಂತ್ರ್ಯಕ್ಕೆ ಸಂವಿಧಾನದ ರಕ್ಷಣೆಯಿದೆ ಎಂದು ಸರ್ವೋಚ್ಚ ನ್ಯಾಯಾಲಯವು ಅನುರಾಧಾ ಭಸೀನ್ ಪ್ರಕರಣದಲ್ಲಿ 2020ರ ಜನವರಿ 10ರಂದು ಹೇಳಿದೆ. ಸರ್ಕಾರವೇ ಆಗಲಿ ಅಂತರ್ಜಾಲವನ್ನು ಸ್ಥಗಿತಗೊಳಿಸಬೇಕಾದರೆ ಲಿಖಿತ ಆದೇಶ, ಕಾರಣ, ಪರಿಶೀಲನೆ ಬೇಕು. ಸೇವಾದಾತ ಸಂಸ್ಥೆಗೆ ಮಾತ್ರ ಇವಾವುವೂ ಬೇಡವೆಂದರೆ ಅದು ವಿಪರ್ಯಾಸ.

ಕಾನೂನಿನಲ್ಲಿ ನಮ್ಮ ತ್ರಿಶಂಕು ಸ್ಥಿತಿ

ಗ್ರಾಹಕ ಸಂರಕ್ಷಣಾ ಕಾಯಿದೆ, 2019 ಮೊದಲ ಬಾರಿಗೆ 'ಅನ್ಯಾಯದ ಕರಾರು' ಎಂಬ ಕಲ್ಪನೆಯನ್ನು ಶಾಸನಕ್ಕೆ ತಂದಿತು. 2020ರ ಜುಲೈಯಲ್ಲಿ ಅದು ಜಾರಿಗೆ ಬಂದಿತು. ಸಮಂಜಸ ಕಾರಣವಿಲ್ಲದೆ ಒಂದೇ ಪಕ್ಷ ಕರಾರನ್ನು ರದ್ದುಗೊಳಿಸುವ ಅಧಿಕಾರ ಈ ವ್ಯಾಖ್ಯೆಯಲ್ಲಿ ಸ್ಪಷ್ಟವಾಗಿ ಸೇರಿದೆ. ಇಂಥ ದೂರನ್ನು ಜಿಲ್ಲಾ ಆಯೋಗವು ವಿಚಾರಿಸುವಂತಿಲ್ಲ. ರಾಜ್ಯ ಅಥವಾ ರಾಷ್ಟ್ರೀಯ ಆಯೋಗಕ್ಕೇ ಹೋಗಬೇಕು. ದೂರಸಂಪರ್ಕ ಸೇವೆಯ ದೂರುಗಳನ್ನು ಗ್ರಾಹಕ ವೇದಿಕೆಗಳು ವಿಚಾರಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ತೀರ್ಪಿತ್ತಿದೆ. ಆದರೆ ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆಯುವವರು ಸಾಮಾನ್ಯವಾಗಿ 'ಗ್ರಾಹಕ'ನ ವ್ಯಾಖ್ಯೆಯಿಂದಲೇ ಹೊರಗೆ. ಅಂಗಡಿಯವನು ಅಲ್ಲಿಗೆ ಸಲ್ಲುವುದಿಲ್ಲ.

ಇನ್ನು ಭಾರತೀಯ ಕರಾರು ಕಾಯಿದೆ, 1872ರ 23ನೆಯ ಕಲಮು. ಬಲವಂತನು ದುರ್ಬಲನ ಮೇಲೆ ಹೇರಿದ ವಿವೇಚನಾರಹಿತ ಶರತ್ತು ಸಾರ್ವಜನಿಕ ಹಿತಕ್ಕೆ ವಿರುದ್ಧವಾದುದರಿಂದ ಅಸಿಂಧು ಎಂದು ಬ್ರೋಜೋನಾಥ್ ಗಂಗೂಲಿ ಪ್ರಕರಣದಲ್ಲಿ 1986ರಲ್ಲಿಯೇ ತೀರ್ಮಾನವಾಗಿದೆ. ಆದರೆ ಅದೇ ತೀರ್ಪು, ಎರಡೂ ಪಕ್ಷಗಳು ವ್ಯಾಪಾರಸ್ಥರಾಗಿದ್ದು ವಹಿವಾಟು ವಾಣಿಜ್ಯ ಸ್ವರೂಪದ್ದಾಗಿದ್ದರೆ ಈ ತತ್ತ್ವ ಅನ್ವಯಿಸದಿರಬಹುದೆಂದೂ ಹೇಳಿದೆ. ಲಕ್ಷಾಂತರ ಗ್ರಾಹಕರುಳ್ಳ ಕಂಪನಿಯೂ ನಾಲ್ಕು ಕೆಲಸಗಾರರ ವರ್ಕ್‌ಶಾಪೂ ಕಾನೂನಿನ ಕಣ್ಣಿಗೆ ಸರಿಸಮಾನ ವ್ಯಾಪಾರಿಗಳಾಗಿಬಿಡುತ್ತವೆ.

ಈ ಕೊರತೆಯನ್ನು ಆಸ್ಟ್ರೇಲಿಯಾ ದೇಶ ಗುರುತಿಸಿತು. ಗ್ರಾಹಕರಿಗಿದ್ದ ಅನ್ಯಾಯದ ಶರತ್ತುಗಳ ವಿರುದ್ಧದ ರಕ್ಷಣೆಯನ್ನು ಅಲ್ಲಿ 2016ರ ನವೆಂಬರಿನಿಂದ ಸಣ್ಣ ಉದ್ದಿಮೆಗಳಿಗೂ ವಿಸ್ತರಿಸಲಾಯಿತು; 2023ರ ನವೆಂಬರಿನಿಂದ ಅಂಥ ಶರತ್ತು ವಿಧಿಸಿದವರಿಗೆ ದಂಡವನ್ನೂ ಗೊತ್ತುಪಡಿಸಲಾಯಿತು. ನಮ್ಮ ಕಾನೂನು ಆಯೋಗವೂ 2006ರಲ್ಲಿ ತನ್ನ 199ನೆಯ ವರದಿಯಲ್ಲಿ ಕರಾರುಗಳ ಅನ್ಯಾಯದ ಶರತ್ತುಗಳ ಬಗ್ಗೆ ಪ್ರತ್ಯೇಕ ಶಾಸನವನ್ನು ಸೂಚಿಸಿತ್ತು.

ಮಾಡಬೇಕಾದುದೇನು?

ನಿಯಂತ್ರಣ ಅಸಾಧ್ಯವೇನಲ್ಲ. ಬ್ರಾಡ್‌ಬ್ಯಾಂಡ್ ಯೋಜನೆಗಳ ಬಳಕೆಯ ಮಿತಿಯನ್ನು ಮತ್ತು ಮಿತಿಯ ನಂತರದ ವೇಗವನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಅಂದರೆ ಟ್ರಾಯ್, 2016ರಲ್ಲಿ ನಿರ್ದೇಶನ ನೀಡಿತ್ತು. ಇದೇ ಮಾರ್ಗದಲ್ಲಿ ಇನ್ನೊಂದು ಹೆಜ್ಜೆ ಇಡಬೇಕಾಗಿದೆ. ನಮ್ಮ ಸಂಸ್ಥೆಯು ಟ್ರಾಯ್ ಮುಂದೆ ಈ ಕೆಳಕಂಡ ಬೇಡಿಕೆಗಳನ್ನು ಇಡಬೇಕೆಂಬುದು ನನ್ನ ಸಲಹೆ:

ಒಂದು, 'ಅತಿಯಾದ ಬಳಕೆ' ಎಂಬುದನ್ನು ಅಂಕಿಯಲ್ಲಿ ಹೇಳಬೇಕು. 'ನಮ್ಮ ಅಭಿಪ್ರಾಯದಲ್ಲಿ' ಎಂಬ ಪದಗಳಿಗೆ ಅವಕಾಶವಿರಬಾರದು. ಎರಡು, ವೈರಸ್ ಹರಡುವಿಕೆಯಂಥ ತುರ್ತು ಸಂದರ್ಭಗಳನ್ನು ಬಿಟ್ಟು, ಕಲಮು ಮತ್ತು ಕಾರಣಗಳನ್ನು ತಿಳಿಸಿ ಏಳು ದಿನಗಳ ಲಿಖಿತ ನೋಟಿಸ್ ನೀಡದೆ ಸಂಪರ್ಕ ಕಡಿತಗೊಳಿಸಬಾರದು. ಮೂರು, ಶರತ್ತು ಬದಲಾದರೆ ಮೂವತ್ತು ದಿನಗಳ ಮುನ್ಸೂಚನೆ ಕೊಡಬೇಕು. ಒಪ್ಪದ ಗ್ರಾಹಕನಿಗೆ ಉಳಿದ ಅವಧಿಯ ಮುಂಗಡ ಶುಲ್ಕವನ್ನು ಹಿಂದಿರುಗಿಸಬೇಕು. ನಾಲ್ಕು, ಬಿಲ್ಲಿಂಗ್, ಸಿಸಿಟಿವಿ, ದೂರದಿಂದ ಲೆಕ್ಕಪತ್ರ ನೋಡುವಿಕೆ ಇವು ಸಾಮಾನ್ಯ ಬಳಕೆಯೆಂದು ಸ್ಪಷ್ಟಪಡಿಸಬೇಕು.

ಇನ್ನೊಂದು ಮುಖ್ಯ ಸಂಗತಿ: ಟ್ರಾಯ್ ವೈಯಕ್ತಿಕ ದೂರುಗಳನ್ನು ಇತ್ಯರ್ಥಪಡಿಸುವುದಿಲ್ಲ. ಆದರೆ 1997ರ ಟ್ರಾಯ್ ಕಾಯಿದೆಯ 14ನೆಯ ಕಲಮಿನನ್ವಯ, ಸೇವಾದಾತರಿಗೂ 'ಗ್ರಾಹಕರ ಸಮೂಹ'ಕ್ಕೂ ನಡುವಿನ ವಿವಾದವನ್ನು ದೂರಸಂಪರ್ಕ ವಿವಾದಗಳ ನ್ಯಾಯಾಧಿಕರಣವು ವಿಚಾರಿಸಬಲ್ಲದು. ಒಬ್ಬ ಅಂಗಡಿಕಾರನಿಗೆ ದೆಹಲಿ ದೂರ; ಸಾವಿರಾರು ಸದಸ್ಯರ ವಾಣಿಜ್ಯ ಸಂಸ್ಥೆಗೆ ದೂರವಲ್ಲ. ಸದಸ್ಯರ ಕರಾರುಗಳನ್ನೂ ದೂರುಗಳನ್ನೂ ಸಂಗ್ರಹಿಸಲು ಒಂದು ಉಪಸಮಿತಿಯನ್ನು ರಚಿಸುವುದು ಮೊದಲ ಕೆಲಸವಾಗಲಿ.

ಸದಸ್ಯರಿಗೆ ಕಿವಿಮಾತು

ಅಲ್ಲಿಯವರೆಗೆ ನಮ್ಮ ಎಚ್ಚರಿಕೆ ನಮಗಿರಬೇಕು. ನನ್ನ ಕಕ್ಷಿದಾರರದೂ ಒಂದು ತಪ್ಪಿತ್ತೆಂಬುದನ್ನು ಮರೆಮಾಚಲಾರೆ: ನಾಲ್ಕು ಕಾಸು ಉಳಿಯುವುದೆಂದು ಅವರು ಕಾರ್ಖಾನೆಗೆ ಗೃಹಬಳಕೆಯ ಯೋಜನೆಯನ್ನು ಸ್ವಂತ ಹೆಸರಿನಲ್ಲಿ ಪಡೆದಿದ್ದರು. ಉಳಿತಾಯವೂ ಭ್ರಮೆಯೇ. ಸಂಪರ್ಕದ ಶುಲ್ಕದ ಮೇಲೆ ಶೇ. 18ರ ಜಿಎಸ್‌ಟಿ ಇದೆ. ಉದ್ದಿಮೆಯ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆಯುಳ್ಳ ಬಿಲ್ ಇದ್ದರೆ, ರಾಜಿ ತೆರಿಗೆ ಯೋಜನೆಯಲ್ಲಿಲ್ಲದ ವರ್ತಕರು ಆ ತೆರಿಗೆಯನ್ನು ಹುಟ್ಟುವಳಿ ತೆರಿಗೆಯಿಂದ ಕಳೆದುಕೊಳ್ಳಬಹುದು. ಸಾವಿರ ರೂಪಾಯಿಯ ಯೋಜನೆಯಲ್ಲಿ 180 ರೂಪಾಯಿ ಹಿಂದಿರುಗುತ್ತದೆ. ಸ್ವಂತ ಹೆಸರಿನ ಬಿಲ್ಲಿನಲ್ಲಿ ಆ ಹಣವೂ ಹೋಯಿತು, ಕರಾರಿನ ಬಲವೂ ಹೋಯಿತು.

ಆದುದರಿಂದ ಉದ್ದಿಮೆಯ ಹೆಸರಿನಲ್ಲಿಯೇ ಸಂಪರ್ಕ ಪಡೆಯಿರಿ. ನಿಬಂಧನೆಗಳ ಪ್ರತಿಯನ್ನು ದಿನಾಂಕ ಸಹಿತ ಮುದ್ರಿಸಿ ಕಡತದಲ್ಲಿಡಿ. ನಾಳೆ ಅದು ಬದಲಾದರೆ ಇಂದಿನ ಪ್ರತಿಯೇ ನಿಮ್ಮ ಸಾಕ್ಷಿ. ಮಾಡಲಿರುವ ಬಳಕೆಗಳನ್ನು ಬರೆದು ತಿಳಿಸಿ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಬೇರೊಂದು ಸಂಸ್ಥೆಯ ಬದಲಿ ಸಂಪರ್ಕ ಒಂದಿರಲಿ. ಸಂಪರ್ಕ ಕಡಿತವಾದರೆ ದೂರಿನ ಸಂಖ್ಯೆ ಪಡೆಯದೆ ದೂರವಾಣಿ ಇಡಬೇಡಿ; ಪರಿಹಾರ ಸಿಗದಿದ್ದರೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುವ ಹಕ್ಕು ಟ್ರಾಯ್‌ನ 2012ರ ನಿಯಮಗಳಲ್ಲಿ ದತ್ತವಾಗಿದೆ.

ಬಳಕೆಗೆ ನಿಯಮವೇ ಬೇಡವೆಂಬುದು ನನ್ನ ವಾದವಲ್ಲ. ತಕ್ಕಡಿಯ ಕಲ್ಲುಗಳಿಗೂ ಎರಡು ವರ್ಷಕ್ಕೊಮ್ಮೆ ಸರ್ಕಾರದ ಮುದ್ರೆ ಹಾಕಿಸಿಕೊಳ್ಳುವವರು ನಾವು. ನಮಗೆ ಸೇವೆ ಮಾರುವವರ ಅಳತೆಗೂ ಒಂದು ಮುದ್ರೆಯಿರಲಿ ಎಂಬುದಷ್ಟೇ ನಮ್ಮ ಕೋರಿಕೆ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲೆಂದು ಆಶಿಸುತ್ತೇನೆ.