ವ್ಯೂಸ್ ಲೆಕ್ಕ ಹಾಕೋಣ, ಆದರೆ ಬರಹ ಹೊರಗೆ ಬಂದ ಮೇಲೆ

ನಮ್ಮ ಬಳಗದಲ್ಲಿ ಈ ಸೆಮಿಸ್ಟರ್ ಒಂದು ಪ್ರಸ್ತಾಪ ಓಡಾಡ್ತಿದೆ. ಪತ್ರಿಕೆಗೆ ಬರುವ ಪ್ರತಿ ಬರಹಕ್ಕೂ ಎಷ್ಟು ವ್ಯೂಸ್ ಸಿಗಬಹುದು ಅಂತ ಮೊದಲೇ ಹೇಳುವ ಮಾಡೆಲ್ ಕಟ್ಟೋಣ, ಕಡಿಮೆ ಅಂತ ಅದು ಹೇಳಿದ್ದನ್ನ ಬಿಟ್ಟುಬಿಡೋಣ ಅಂತ. ಎರಡನೇ ವರ್ಷದ ನಮಗೆ ಇದು ಒಳ್ಳೇ ಮಿನಿ ಪ್ರಾಜೆಕ್ಟೂ ಹೌದು. ಮಾಡೆಲ್ ಕಟ್ಟೋಕೆ ನಮ್ಮ ತಕರಾರಿಲ್ಲ. ಅದರ ಮಾತು ಕೇಳಿ ಬರಹ ಬಿಡೋದಕ್ಕೆ ಮಾತ್ರ ನಾವು ಒಪ್ಪಲ್ಲ. ಇದಕ್ಕೆ ಕಾರಣ ಭಾಷಾಭಿಮಾನ ಅಲ್ಲ, ಲೆಕ್ಕ.

ಇಂಥ ಮಾಡೆಲ್‌ಗಳು ಏನನ್ನ ನೋಡ್ತವೆ ಅಂತ ಮೊದಲು ನೋಡೋಣ. ಈ ಸಮಸ್ಯೆಗೆ ತುಂಬಾ ಜನ ಬಳಸುವ ಒಂದು ಡೇಟಾಸೆಟ್ ಇದೆ, ಹೆಸರು ಬ್ಲಾಗ್‌ಫೀಡ್‌ಬ್ಯಾಕ್. ಕ್ರಿಸ್ಟಿಯಾನ್ ಬುಜಾ ಅನ್ನುವ ಹಂಗೇರಿಯ ಸಂಶೋಧಕರು ಕೊಟ್ಟಿದ್ದು. 60,021 ಸಾಲು, ಪ್ರತಿ ಸಾಲಿಗೆ 280 ಫೀಚರ್. ಒಂದು ಬರಹಕ್ಕೆ ಮುಂದಿನ 24 ಗಂಟೆಯಲ್ಲಿ ಎಷ್ಟು ಕಾಮೆಂಟ್ ಬರುತ್ತೆ ಅಂತ ಹೇಳಬೇಕು. ವ್ಯೂಸ್ ಅಲ್ಲ ನಿಜ, ಆದರೆ ಪ್ರಶ್ನೆ ಅದೇ ಜಾತಿಯದು. ಆ 280ರಲ್ಲಿ ಮೊದಲ 50 ಪೂರ್ತಿ ಆ ಬ್ಲಾಗಿನ ಜಾತಕ: ಹಿಂದಿನ ಸರಾಸರಿ, ಗರಿಷ್ಠ, ಕನಿಷ್ಠ ಇತ್ಯಾದಿ. ಆಮೇಲೆ ಈ ಬರಹಕ್ಕೆ ಇಲ್ಲಿವರೆಗೆ ಬಂದ ಕಾಮೆಂಟ್, ವಾರದ ದಿನ, ಬರಹದ ಉದ್ದ. ಬರಹದ ಒಳಗಿನ ವಿಷಯ ಅಂದ್ರೆ 200 ಪದಗಳ ಫೀಚರ್ ಅಷ್ಟೇ. ಬರಹ ಚೆನ್ನಾಗಿದೆಯಾ ಅನ್ನೋ ಕಾಲಮ್ ಎಲ್ಲೂ ಇಲ್ಲ, ಇರೋಕೂ ಆಗಲ್ಲ.

"ಇಲ್ಲಿವರೆಗೆ ಬಂದ" ಅನ್ನೋ ಮಾತನ್ನ ಗಮನಿಸಿ. ಸಾಬೊ ಮತ್ತು ಹ್ಯೂಬರ್ಮನ್ ಅನ್ನುವ ಇಬ್ಬರು ಡಿಗ್ ಮತ್ತು ಯೂಟ್ಯೂಬ್ ಡೇಟಾ ಇಟ್ಟುಕೊಂಡು ಇದನ್ನೇ ತೋರಿಸಿದ್ರು. 2010ರಲ್ಲಿ ಆ ಪ್ರಬಂಧ ಪ್ರಕಟವಾಯ್ತು. ಡಿಗ್‌ನಲ್ಲಿ ಮೊದಲ ಎರಡು ಗಂಟೆ ನೋಡಿದರೆ 30 ದಿನದ ಅಂದಾಜು ಚೆನ್ನಾಗೇ ಸಿಗುತ್ತೆ. ಯೂಟ್ಯೂಬ್ ವಿಡಿಯೋಗೆ ಅಷ್ಟೇ ಖಚಿತತೆ ಬೇಕಂದ್ರೆ 10 ದಿನ ಕಾಯಬೇಕು. ಅಂದ್ರೆ ಭವಿಷ್ಯ ಹೇಳಬಹುದು, ಆದರೆ ಬರಹ ಹೊರಗೆ ಬಿಟ್ಟು ಜನರ ಮೊದಲ ಪ್ರತಿಕ್ರಿಯೆ ಅಳೆದ ಮೇಲೆ. ನಮ್ಮ ಪ್ರಸ್ತಾಪ ಕೇಳ್ತಿರೋದು ಬಿಡೋಕೆ ಮುಂಚೆ.

ಬೆಳಿಗ್ಗೆ ಒಂಬತ್ತಕ್ಕೆ ಹೆಬ್ಬಾಳ ಫ್ಲೈಓವರ್ ಹೇಗಿರುತ್ತೆ ಅಂತ ಹೇಳೋಕೆ ಮಾಡೆಲ್ಲೂ ಬೇಡ. ನಿನ್ನೆ ಹೋದವರೇ ಇವತ್ತೂ ಹೋಗ್ತಾರೆ. ಯಲಹಂಕದಲ್ಲಿ ಏರ್ ಶೋ ನಡೆಯೋ ವಾರ ಬಳ್ಳಾರಿ ರಸ್ತೆ ಏನಾಗುತ್ತೆ ಅನ್ನೋದೂ ಗೊತ್ತಿರೋದೇ. ಬರಹ ಹಾಗಲ್ಲ. ಒಬ್ಬರು ಓದಿ ಇನ್ನೊಬ್ಬರಿಗೆ ಲಿಂಕ್ ಕಳಿಸ್ತಾರೆ, ಅವರು ಸ್ಟೇಟಸ್ ಹಾಕ್ತಾರೆ, ಸ್ಟೇಟಸ್ ನೋಡಿ ಮೂವರು ಓದ್ತಾರೆ. ಆ ಮೊದಲ ಒಬ್ಬರು ಅವತ್ತು ಇಂಟರ್ನಲ್ಸ್‌ಗೆ ಓದ್ತಾ ಕೂತಿದ್ರೆ ಕಥೆ ಅಲ್ಲಿಗೇ ಮುಗೀತು.

ಇದನ್ನ ಪ್ರಯೋಗ ಮಾಡಿಯೇ ನೋಡಿದವರಿದ್ದಾರೆ. 2006ರಲ್ಲಿ ಸಾಲ್ಗನಿಕ್, ಡಾಡ್ಸ್, ವಾಟ್ಸ್ ಅನ್ನುವ ಮೂವರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಬಂಧ ಬರೆದ್ರು. ಯಾರೂ ಕೇಳಿರದ ಬ್ಯಾಂಡ್‌ಗಳ 48 ಹಾಡು, 14,341 ಜನ. ಕೆಲವರಿಗೆ ಬರೀ ಹಾಡು. ಉಳಿದವರನ್ನ ಎಂಟು ಬೇರೆ ಬೇರೆ ಗುಂಪು ಮಾಡಿ, ತಮ್ಮ ಗುಂಪಲ್ಲಿ ಯಾವ ಹಾಡು ಎಷ್ಟು ಡೌನ್‌ಲೋಡ್ ಆಗಿದೆ ಅನ್ನೋದು ಕಾಣೋ ಹಾಗೆ ಇಟ್ರು. ಹಾಡುಗಳು ಅವೇ, ಆದರೆ ಒಂದೊಂದು ಗುಂಪಲ್ಲೂ ಬೇರೆ ಬೇರೆ ಹಾಡು ಹಿಟ್ ಆಯ್ತು. ತುಂಬಾ ಒಳ್ಳೇ ಹಾಡು ಪೂರ್ತಿ ಮುಳುಗಿದ್ದು ಕಡಿಮೆ, ತುಂಬಾ ಕೆಟ್ಟದ್ದು ಗೆದ್ದಿದ್ದೂ ಕಡಿಮೆ. ನಡುವಿನದಕ್ಕೆ ಏನು ಬೇಕಾದರೂ ಆಗಬಹುದಿತ್ತು. ನಮ್ಮ ಪತ್ರಿಕೆಯ ಹೆಚ್ಚಿನ ಬರಹಗಳೂ, ಇದೂ ಸೇರಿ, ಆ ನಡುವಿನವೇ.

ಸರಾಸರಿಯೂ ಇಲ್ಲಿ ಕೈ ಕೊಡುತ್ತೆ. ಹತ್ತು ಬರಹ ಅಂದುಕೊಳ್ಳಿ. ಒಂಬತ್ತಕ್ಕೆ ತಲಾ 40 ವ್ಯೂಸ್, ಒಂದಕ್ಕೆ 4,000. ಸರಾಸರಿ 436. ಹತ್ತರಲ್ಲಿ ಒಂದೂ 436ರ ಹತ್ತಿರ ಇಲ್ಲ! ಲಾಗ್ ತಗೊಂಡು ಮಾಡೆಲ್ ಕಟ್ಟಬಹುದು, ಎರರ್ ಇಳಿಯುತ್ತೆ. ಆದರೆ ಹಾಗೆ ಕಟ್ಟಿದ ಮಾಡೆಲ್ ಬಹುತೇಕ ಎಲ್ಲಕ್ಕೂ "40ರ ಆಸುಪಾಸು" ಅಂತ ಹೇಳಿ ಒಳ್ಳೇ ಸ್ಕೋರ್ ತಗೊಳ್ಳುತ್ತೆ, ನಾವು ಹುಡುಕ್ತಿದ್ದ ಆ ಒಂದನ್ನೇ ಬಿಟ್ಟುಬಿಡುತ್ತೆ.

ಇಷ್ಟಾದರೂ ಸರಿಪಡಿಸಬಹುದು ಅನ್ನೋಣ. ಸರಿಪಡಿಸೋಕೆ ಆಗದ ತೊಂದರೆ ಒಂದಿದೆ. ಮಾಡೆಲ್ "ಬೇಡ" ಅಂದ ಬರಹ ಪ್ರಕಟ ಆಗಲ್ಲ. ಪ್ರಕಟ ಆಗದ ಬರಹಕ್ಕೆ ವ್ಯೂಸ್ ಇಲ್ಲ. ವ್ಯೂಸ್ ಇಲ್ಲದ್ದು ಡೇಟಾಗೆ ಸೇರಲ್ಲ. ಹಾಗಾಗಿ ಅದರ "ಬೇಡ" ತಪ್ಪಾಗಿತ್ತು ಅಂತ ಯಾವತ್ತೂ ಗೊತ್ತಾಗಲ್ಲ. ವರ್ಷ ಕಳೆದ ಮೇಲೆ ಗ್ರಾಫ್ ತೆಗೆದರೆ ಮಾಡೆಲ್ ಬುದ್ಧಿವಂತನ ಹಾಗೇ ಕಾಣುತ್ತೆ. ಬಸ್ಸೇ ಬಾರದ ಸ್ಟಾಪಲ್ಲಿ ಜನ ನಿಂತಿಲ್ಲ ನೋಡಿ, ಬಸ್ ಬಿಡದೇ ಇದ್ದಿದ್ದು ಸರಿ ಅಂದ ಹಾಗೆ.

ಕನ್ನಡದಲ್ಲೇ ಇದಕ್ಕೊಂದು ಉದಾಹರಣೆ ಇದೆ. 'ಲೈಫು ಇಷ್ಟೇನೆ' ಆದ ಮೇಲೆ ಪವನ್ ಕುಮಾರ್ 'ಲೂಸಿಯಾ' ಸ್ಕ್ರಿಪ್ಟ್ ಹಿಡಿದು ಹೊರಟಾಗ ನಿರ್ಮಾಪಕರು ಸಿಗಲಿಲ್ಲ. ನಿರ್ಮಾಪಕರದೂ ಒಂದು ಥರ ವ್ಯೂಸ್ ಮಾಡೆಲ್ಲೇ ತಾನೇ? ಅವರು ತಮ್ಮ ಬ್ಲಾಗಲ್ಲಿ ಮನಸ್ಸಲ್ಲಿದ್ದದ್ದನ್ನ ಬರೆದ್ರು. ಅದು ಹರಡಿತು. ತಿಂಗಳೊಳಗೆ ಸುಮಾರು 110 ಜನರಿಂದ 50 ಲಕ್ಷ ರೂಪಾಯಿ ಸೇರಿತು. 2013ರಲ್ಲಿ ಲಂಡನ್ ಇಂಡಿಯನ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆದು, ಸೆಪ್ಟೆಂಬರ್‌ನಲ್ಲಿ ಇಲ್ಲಿ ತೆರೆಗೆ ಬಂತು. ಲೂಸಿಯಾ ಒಂದಾದರೆ ಯಾರೂ ಓದದೆ ಹೋದ ಬ್ಲಾಗ್ ಬರಹ ಸಾವಿರ ಇರುತ್ತೆ, ಒಪ್ಪಿದ್ವಿ. ಎಲ್ಲವೂ ಲೂಸಿಯಾ ಆಗುತ್ತೆ ಅಂತ ನಾವು ಹೇಳ್ತಿಲ್ಲ. ಹೊರಗೆ ಬಂದಿದ್ದಕ್ಕೇ ಹಳೇ ಅಂದಾಜು ತಪ್ಪು ಅಂತ ಗೊತ್ತಾಯ್ತು, ಅಷ್ಟೇ.

ನಮ್ಮ ಕ್ಯಾಂಪಸ್ಸಿನ ಓದುಗರೂ ಬದಲಾಗ್ತಿದ್ದಾರೆ. ಮೊದಲ ವರ್ಷ 'ಬಳಕೆ ಕನ್ನಡ' ಪೇಪರ್ ಬರೆದು, ಆರ್.ಟಿ. ನಗರದ ಪಿಜಿಯಲ್ಲೋ ಯಶವಂತಪುರದ ರೂಮಲ್ಲೋ ಇದ್ದುಕೊಂಡು, ಅಂಗಡಿ ಬೋರ್ಡ್ ಕೂಡಿಸಿ ಓದೋ ಹೊರರಾಜ್ಯದ ಗೆಳೆಯರಿದ್ದಾರೆ. ಅವರಿಗಾಗಿ ಸರಳ ಕನ್ನಡದಲ್ಲಿ ಯಾರಾದರೂ ಬರೆದರೆ ಮಾಡೆಲ್ ಏನು ಹೇಳುತ್ತೆ? ಹಳೇ ಡೇಟಾದಲ್ಲಿ ಅಂಥ ಬರಹವೇ ಇಲ್ಲ, ಅಂಥ ಓದುಗರೂ ಇಲ್ಲ. ಉತ್ತರ ಏನಿರುತ್ತೆ ಅಂತ ನಾವೇ ಹೇಳಬಹುದು.

ಎಲ್ಲವನ್ನೂ ಹಾಕೋಕಾಗುತ್ತಾ, ತಿದ್ದೋರಿಗೆ ಟೈಮ್ ಬೇಡ್ವಾ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆಯ್ಕೆ ಮಾಡಲೇಬೇಕು. ಆದರೆ ಅದನ್ನ ಇಬ್ಬರು ಕೂತು ಓದಿ ಮಾಡ್ಲಿ. ಮಾಡೆಲ್ ಹೇಳಿದ ಅಂಕೆಯನ್ನ ಬೇರೆ ಶೀಟಲ್ಲಿ ಬರೆದಿಡೋಣ, ಆಯ್ಕೆ ಮಾಡೋರಿಗೆ ತೋರಿಸೋದು ಬೇಡ. ಬರಹ ಬಂದು ಒಂದು ತಿಂಗಳಾದ ಮೇಲೆ ಶೀಟ್ ತೆಗೆದು ಹೋಲಿಸೋಣ. ಮೊದಲ ದಿನದ ವ್ಯೂಸ್ ನೋಡಿ ಯಾವುದಕ್ಕೆ ಇನ್ನೊಂದು ಸಲ ಲಿಂಕ್ ಹಂಚಬೇಕು ಅಂತ ಕೇಳೋಕೂ ಮಾಡೆಲ್ ಬಳಸಬಹುದು, ಅದು ಅದಕ್ಕೆ ಬರೋ ಕೆಲಸ. ಮಿನಿ ಪ್ರಾಜೆಕ್ಟ್ ಆಗೇ ಆಗುತ್ತೆ, ರಿಪೋರ್ಟೂ ಪ್ರಾಮಾಣಿಕವಾಗಿರುತ್ತೆ. ಮುಂದಿನ ಸಂಚಿಕೆಯಿಂದಲೇ ಶುರು ಮಾಡೋಣ. ಶೀಟ್ ಮಾಡೋ ಕೆಲಸ ನಮ್ಮದು.